ಕುರ್ಚಿ ರಿಪೇರಿಯವನು

ಜನವರಿ 9

ಮಹಾರಾಯರಿಗೆ,

ಲಕೋಟೆ ನೋಡಿ ಗಾಬರಿಯಾಗಬೇಡ, ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಫೋನಿನಲ್ಲಿ ನನಗೆ ಕಿವಿ ಕೇಳುವುದಿಲ್ಲ. ನಾನು ಎರಡು ಸಲ "ಏನು, ಏನು" ಅಂದರೆ ನಿನಗೆ ಸಿಟ್ಟು ನೆತ್ತಿಗೇರುತ್ತದೆ. ಬರೆದರೆ ಇಬ್ಬರಿಗೂ ಕ್ಷೇಮ.

ಅವಳಿಗೆ ಮರೆವು ಸ್ವಲ್ಪ ಹೆಚ್ಚಾಗಿದೆ. ಮೊನ್ನೆ ಚಮಚಗಳನ್ನೆಲ್ಲ ತೊಳೆದು ದಿಂಬಿನ ಚೀಲದೊಳಗೆ ತುಂಬಿಟ್ಟಿದ್ದಳು. ಸಕ್ಕರೆ ಡಬ್ಬಿ ಇನ್ನೂ ಸಿಕ್ಕಿಲ್ಲ. ನನ್ನನ್ನು ನೋಡಿ "ನೀವು ಯಾರ ಪೈಕಿ?" ಅಂತ ಕೇಳಿದಳು. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಮೇಲೆ ಕೇಳಬೇಕಾದ ಪ್ರಶ್ನೆಯೇ ಅದು, ನಾನೂ ಉತ್ತರ ಹುಡುಕುತ್ತಿದ್ದೇನೆ. ಊಟ ಮಾಡುತ್ತಾಳೆ. ನಿದ್ದೆ ಪರವಾಗಿಲ್ಲ. ಎದುರುಮನೆ ಟೀಚರಮ್ಮ ರಿಟೈರಾದ ಮೇಲೆ ಅವರಿಗೂ ಹೊತ್ತು ಹೋಗುವುದಿಲ್ಲವಂತೆ, ಬಂದು ಅವಳ ಜೊತೆ ಮಲಗುತ್ತಾರೆ. ನಾನು ಕೆಳಗೆ ಅಂಗಡಿಯಲ್ಲೇ ಮಲಗುತ್ತೇನೆ, ಬೆನ್ನುನೋವಿಗೆ ಮೆಟ್ಟಿಲು ಆಗಿಬರುವುದಿಲ್ಲ. ಸೋಫಾ ರಿಪೇರಿಯವನಿಗೆ ಸೋಫಾಕ್ಕೇನು ಬರ.

ನೀನು ಮೇಲೆ ಕ್ರೇನಿನಲ್ಲಿ ಕೂತಾಗ ಗಾಳಿಗೆ ಎದೆ ಮುಚ್ಚಿಕೊ. ಸೊಸೆಗೆ ಕೇಳಿದೆ ಅಂತ ಹೇಳು.

ಚಿಕ್ಕಪ್ಪ

ಜನವರಿ 27

ಚಿಕ್ಕಪ್ಪನವರಿಗೆ,

ಅಮ್ಮ ಚೆನ್ನಾಗಿದ್ದಾಳೆ ಎಂದು ನೀವು ಬರೆದ ಕಾಗದ ಬಂದ ಹನ್ನೆರಡು ದಿನಕ್ಕೆ ಟೀಚರಮ್ಮನವರ ಕಾಗದ ಬಂತು. ಪಾಪ, ತುಂಬ ಯೋಚಿಸಿ ಬರೆದಿದ್ದಾರೆ. ನೀವು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಅಮ್ಮ ನಡುಗುತ್ತಾಳಂತೆ. "ಬಂದ್ರು, ಬಂದ್ರು" ಅಂತ ಮೂಲೆ ಸೇರುತ್ತಾಳಂತೆ. ಎರಡೂ ತೋಳಿನ ಮೇಲೆ ನೀಲಿ ಗುರುತುಗಳಿವೆಯಂತೆ. ನೀವು ಕೆಳಗೆ ಮಲಗುವುದು ಬೆನ್ನುನೋವಿಗಲ್ಲ, ಟೀಚರಮ್ಮನೇ ನಿಮ್ಮನ್ನು ಕೆಳಗೆ ಕಳಿಸಿದ್ದಂತೆ.

ಇನ್ನೊಂದು ವಿಷಯ. ನನ್ನ ಅಪ್ಪನ ಫೋಟೋವನ್ನು ಗೋಡೆಯಿಂದ ತೆಗೆದಿದ್ದೀರಂತೆ. ಅಮ್ಮನಿಗೆ ನೆನಪು ಹೋಗಿದೆ, ಮಗ ದೂರ ಇದ್ದಾನೆ, ಇನ್ನು ಯಾರು ಕೇಳುತ್ತಾರೆ ಅಂದುಕೊಂಡಿರಾ?

ನಾನು ಐದು ವರ್ಷದವನಿದ್ದಾಗ ಅಪ್ಪ ಕ್ರೇನಿನಿಂದ ಬಿದ್ದು ಹೋದರು. ಅವರು ಬದುಕಿದ್ದರೆ ಅಮ್ಮನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದರು. ಅಮ್ಮನನ್ನು ಮದುವೆಯಾದ ಮಾತ್ರಕ್ಕೆ ನೀವು ಅಪ್ಪ ಆಗುವುದು ಬೇಡ, ಅದನ್ನು ನಾನು ಯಾವತ್ತೂ ಕೇಳಿಲ್ಲ. ಮನುಷ್ಯರ ಹಾಗೆ ಇರಿ, ಸಾಕು. ಆ ಗುರುತುಗಳು ಎಲ್ಲಿಂದ ಬಂದವು? ನೇರವಾಗಿ ಬರೆಯಿರಿ.

ಫೆಬ್ರವರಿ 5

ಮಗನೇ,

ನೇರವಾಗಿ ಬರೆಯುತ್ತೇನೆ. ಬೀರುವಿಗೂ ಗೋಡೆಗೂ ನಡುವೆ ಒಂದು ಗೇಣು ಸಂದು ಇದೆ, ನಿನಗೆ ಗೊತ್ತು. ಹೆದರಿದಾಗ ನಿನ್ನ ಅಮ್ಮ ಅದರೊಳಗೆ ನುಗ್ಗುತ್ತಾಳೆ. ಗುರುತುಗಳು ಬೀರುವಿನ ಅಂಚಿನವು. ನಾನು ಆ ಅಂಚಿಗೆ ಫೋಮ್ ಹೊಡೆದು ಮೇಲೆ ಮೆತ್ತನೆಯ ಬಟ್ಟೆ ಹಾಕಿದ್ದೇನೆ. ಬೀರುವನ್ನೇ ಗೋಡೆಗೆ ಒತ್ತಿ ಸಂದು ಮುಚ್ಚಿಬಿಡಬಹುದಿತ್ತು, ಮುಚ್ಚಿದೆ ಕೂಡ. ಆ ದಿನ ಅವಳು ಅಡಗಲು ಜಾಗವಿಲ್ಲದೆ ಗೋಡೆ ಕೆರೆದ ರೀತಿ ನೋಡಿ ಮತ್ತೆ ಈಚೆಗೆ ಎಳೆದೆ.

ಅವಳು ಹೆದರುವುದು ನನಗೇ, ಅದು ನಿಜ. ನನ್ನನ್ನು ಬೇರೆ ಯಾರೋ ಅಂದುಕೊಳ್ಳುತ್ತಾಳೆ. ಯಾರು ಅಂತ ಕೇಳಬೇಡ. ಯಾವನೋ ಕಳ್ಳ ಅಂತ ಇಟ್ಟುಕೊ. ಈ ಕಾಯಿಲೆಯಲ್ಲಿ ಹೀಗೆಲ್ಲ ಆಗುತ್ತದೆ ಅಂತ ಡಾಕ್ಟರೂ ಹೇಳಿದ್ದಾರೆ.

ಆದರೆ ನಾನು ಒಂದು ದಾರಿ ಕಂಡುಕೊಂಡಿದ್ದೇನೆ, ಟೀಚರಮ್ಮನಿಗೆ ಅದು ಹುಚ್ಚಾಟದ ಹಾಗೆ ಕಾಣುತ್ತದೆ. ಒಂದು ದಿನ ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡೇ ಮೇಲೆ ಹೋದೆ, ಬಾಗಿಲು ತೆರೆದೇ ಇದ್ದರೂ ತಟ್ಟಿದೆ. "ಅಮ್ಮಾ, ಕುರ್ಚಿ ರಿಪೇರಿಯವನು" ಅಂದೆ. ತಲೆ ಈಚೆ ಹಾಕಿ ನೋಡಿದಳು. "ಬನ್ನಿ, ಒಂದು ಕಾಲು ಅಲ್ಲಾಡ್ತಿದೆ" ಅಂದಳು. ಮನೆಯ ಯಜಮಾನನಿಗೆ ಸಿಗದ ಮರ್ಯಾದೆ ರಿಪೇರಿಯವನಿಗೆ ಸಿಕ್ಕಿತು ನೋಡು. ಅವತ್ತಿನಿಂದ ನಾನು ದಿನಾ ಹೀಗೇ ಹೋಗುತ್ತೇನೆ. ಒಂದೇ ಕುರ್ಚಿ. ಮೊಳೆ ಕಿತ್ತು, ರೆಕ್ಸಿನ್ ಬಿಚ್ಚಿ, ಸ್ಪ್ರಿಂಗು ನೋಡಿ, ಮತ್ತೆ ಅದೇ ಮೊಳೆ ಹೊಡೆಯುತ್ತೇನೆ. ಹತ್ತು ದಿನ ಆಯಿತು. ಅವಳು ಎದುರಿಗೆ ಕೂತು ಮಾತಾಡುತ್ತಾಳೆ. ರಿಪೇರಿಯವನು ತಿಂದರೆ ತಾನೂ ತಿನ್ನುತ್ತಾಳೆ. ಸಂಜೆ ಐದಾದರೆ "ನಿಮ್ಮ ಮನೆಯವರು ಕಾಯ್ತಿರ್ತಾರೆ, ಹೊರಡಿ" ಅಂತ ಕಳಿಸುತ್ತಾಳೆ. ನಾನು ಹೊರಡುತ್ತೇನೆ.

ಫೋಟೋ ಅಂಗಡಿಯಲ್ಲಿದೆ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಗೋಡೆಯಲ್ಲಿ ತೇವ ಇತ್ತು.

ಫೆಬ್ರವರಿ 16

ಚಿಕ್ಕಪ್ಪನವರಿಗೆ,

ಹೆಂಡತಿಗೆ ಗಂಡ ಕಳ್ಳನ ಹಾಗೆ ಕಾಣುತ್ತಾನೆ, ಅದಕ್ಕೆ ಗಂಡ ವೇಷ ಹಾಕಿಕೊಂಡು ಬರುತ್ತಾನೆ. ಇದನ್ನು ನಾನು ನಂಬಬೇಕು. ಗೋಡೆಯಲ್ಲಿ ತೇವ ಇರುವುದನ್ನೂ ನಂಬಬೇಕು. ಆ ಗೋಡೆಯ ಆಚೆ ಬಿಸಿಲು ಬೀಳುವ ಬೀದಿ ಇದೆ.

ಇಪ್ಪತ್ತನೇ ತಾರೀಖು ಬರುತ್ತೇನೆ. ಅಮ್ಮನ ಬಟ್ಟೆ, ಮಾತ್ರೆ, ಡಾಕ್ಟರ ಚೀಟಿ ಕಟ್ಟಿಡಿ. ಅಪ್ಪನ ಫೋಟೋವನ್ನೂ. ನನಗೆ ರಂಪ ಬೇಡ. ಆ ಹೊತ್ತಿಗೆ ನೀವು ಅಂಗಡಿಯಲ್ಲಿದ್ದರೆ ಒಳ್ಳೆಯದು.

ಮಾರ್ಚ್ 1

ಮಗನೇ,

ನೀನು ಹೇಳಿದ ಹಾಗೆ ಅಂಗಡಿಯಲ್ಲೇ ಇದ್ದೆ. ಟ್ಯಾಕ್ಸಿ ಹತ್ತುವಾಗ ಅವಳು ಒಮ್ಮೆ ತಿರುಗಿ ನೋಡಿ, "ಆ ಕುರ್ಚಿ ಇನ್ನೂ ಆಗ್ಲಿಲ್ವಾ?" ಅಂದಳು. ನೀನು ಬಾಗಿಲು ಹಾಕಿದೆ. ಬೀದಿಯಲ್ಲಿ ನೀನು ನನಗೆ ಹೇಳಿದ್ದನ್ನು ಟೀಚರಮ್ಮನೂ ಕೇಳಿದರು, ಮೂಲೆಯ ಕಟಿಂಗ್ ಶಾಪಿನವನೂ ಕೇಳಿದ. ಇರಲಿ. ಹೆಂಗಸಿನ ಮೇಲೆ ಕೈ ಮಾಡುವವನಿಗೆ ಹೇಳಬೇಕಾದ ಮಾತೇ ಅದು, ತಪ್ಪೇನಿಲ್ಲ.

ಈಗ ಕೆಲಸದ ಮಾತು. ಹಾಲಲ್ಲಿ ನೆನೆಸಿದ ಬ್ರೆಡ್ಡು ಬೆಳಿಗ್ಗೆ ತಿನ್ನುತ್ತಾಳೆ, ಅಂಚು ಕತ್ತರಿಸಬೇಕು. ಬಿಳಿ ಮಾತ್ರೆ ಪುಡಿ ಮಾಡಿದರೆ ಉಗಿಯುತ್ತಾಳೆ, ಇಡಿಯಾಗಿ ಕೊಟ್ಟರೆ ನುಂಗುತ್ತಾಳೆ. ಸ್ನಾನಕ್ಕೆ ಮೊದಲು ನೀರನ್ನು ಅವಳ ಕೈಯಿಂದಲೇ ಮುಟ್ಟಿಸು.

ಇನ್ನು ನಿನ್ನ ವಿಷಯ. ಬೂಟನ್ನು ಮೆಟ್ಟಿಲಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹತ್ತು. ಬೆಲ್ಟನ್ನು ಅವಳ ಕಣ್ಣಿಗೆ ಬೀಳುವಲ್ಲಿ ತೆಗೆಯಬೇಡ, ಕುರ್ಚಿಯ ಮೇಲೆ ಹಾಕಬೇಡ. ಗೆಳೆಯರ ಜೊತೆ ಕುಡಿದ ದಿನ ಅವಳ ಹತ್ತಿರ ಹೋಗಬೇಡ. ಸಾಧ್ಯವಾದರೆ ಆ ಮೀಸೆ ತೆಗೆದುಬಿಡು. ಫೋಟೋವನ್ನು ಗೋಡೆಗೆ ಹಾಕಬೇಡ.

ಯಾಕೆ ಅಂತ ಕೇಳುತ್ತೀಯ, ಗೊತ್ತು. ಮುದುಕನ ಹುಚ್ಚು ಅಂದುಕೊ. ಹುಚ್ಚು ಅಂದುಕೊಂಡೇ ಮಾಡು, ಆದರೆ ಮಾಡು.

ಮಾರ್ಚ್ 14

ಚಿಕ್ಕಪ್ಪನವರಿಗೆ,

ಬ್ರೆಡ್ಡು, ಮಾತ್ರೆ, ನೀರು, ಎಲ್ಲ ನೀವು ಬರೆದಂತೆ ನಡೆಯುತ್ತಿದೆ. ಮಿಕ್ಕದ್ದನ್ನು ಮಾಡುವುದಿಲ್ಲ. ಆ ಬೆಲ್ಟು ಅಪ್ಪನದು. ಅದರ ಹಿತ್ತಾಳೆ ಬಕಲ್ಲನ್ನು ವರ್ಷ ವರ್ಷ ತಿಕ್ಕಿ ಹೊಳಪು ಮಾಡಿಟ್ಟು ನನಗೆ ಹದಿನೆಂಟಾದ ದಿನ ಕೈಗೆ ಕೊಟ್ಟವರು ನೀವೇ. ಅವತ್ತು ನಿಮ್ಮ ಬಗ್ಗೆ ನನಗೆ ಮೊದಲ ಸಲ ಗೌರವ ಬಂದಿತ್ತು. ಈಗ ಅದೂ ಬೇಡ, ಅವರ ಮೀಸೆಯೂ ಬೇಡ, ಫೋಟೋವೂ ಬೇಡ. ಸತ್ತವರ ಮೇಲೆ ಇಷ್ಟು ಹೊಟ್ಟೆಕಿಚ್ಚು ಯಾಕೆ? ಫೋಟೋ ನಡುಮನೆಯಲ್ಲಿ, ಅಮ್ಮನ ಹಾಸಿಗೆಯ ಎದುರಿಗೇ ಇದೆ.

ನಿಮಗೆ ಸಂಕಟವಾಗಲಿ ಎಂದೇ ಬರೆಯುತ್ತೇನೆ, ಅಮ್ಮ ಇಲ್ಲಿ ಶಾಂತವಾಗಿದ್ದಾಳೆ. ಒಂದು ದಿನವೂ ಕಿರುಚಿಲ್ಲ. ಸಂಜೆ ಆರಕ್ಕೆ ನನ್ನ ಹೆಜ್ಜೆ ಸದ್ದು ಕೇಳಿದರೆ ಎದ್ದು ನಿಲ್ಲುತ್ತಾಳೆ. ನಾನು ಉಂಡು ಮುಗಿಸುವವರೆಗೆ ಗೋಡೆಗೆ ಒರಗಿ ನಿಂತೇ ಇರುತ್ತಾಳೆ, ಕೂತುಕೊ ಅಂದರೂ ಕೂರುವುದಿಲ್ಲ. ನನ್ನ ತಟ್ಟೆಯನ್ನು ಅವಳೇ ತೆಗೆಯಬೇಕು. ಒಂದು ಮಾತೂ ಆಡುವುದಿಲ್ಲ. ನೆನಪೆಲ್ಲ ಹೋದರೂ ಮಗನ ಮೇಲಿನ ಅಕ್ಕರೆ ಹೋಗಿಲ್ಲ.

ಮಾರ್ಚ್ 20

ಮಗನೇ,

ನಿನ್ನ ಕಾಗದ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ. ಅದು ಅಕ್ಕರೆ ಅಲ್ಲ. ನಿನ್ನ ಅಮ್ಮ ಬಾಯಿ ಬಡುಕಿ. ಇಪ್ಪತ್ತೇಳು ವರ್ಷದಲ್ಲಿ ನಾನು ಉಣ್ಣುವಾಗ ಅವಳು ಸುಮ್ಮನೆ ಇದ್ದದ್ದು ನೆನಪಿಲ್ಲ, ನಿಂತದ್ದಂತೂ ಇಲ್ಲವೇ ಇಲ್ಲ. ಅವಳನ್ನು ಕೂರಿಸು. ಫೋಟೋ ಇವತ್ತೇ ಇಳಿಸು. ನನ್ನ ಮೇಲೆ ಎಷ್ಟು ಸಿಟ್ಟಾದರೂ ಇರಲಿ, ಈ ಒಂದು ಮಾತು ಕೇಳು. ನಾನೇ ಬರಲೇ? ಒಂದು ಕಾರ್ಡು ಹಾಕಿದರೆ ಸಾಕು, ಮುಂದಿನ ರೈಲಿಗೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಕಾಲಿಡುವುದಿಲ್ಲ, ಎಲ್ಲಾದರೂ ರೂಮು ಮಾಡಿಕೊಂಡಿರುತ್ತೇನೆ.

ಏಪ್ರಿಲ್ 17

ಚಿಕ್ಕಪ್ಪ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಅಮ್ಮನ ಸೊಂಟದ ಮೂಳೆ ಮುರಿದಿದೆ. ಹನ್ನೊಂದನೇ ತಾರೀಖು ಆದದ್ದು. ಆರು ದಿನದಿಂದ ಬರೆಯಬೇಕು ಅಂದುಕೊಂಡು ಆಗಿಲ್ಲ. ನಿಮ್ಮ ಮಾರ್ಚ್ ಇಪ್ಪತ್ತನೇ ತಾರೀಖಿನ ಕಾಗದವನ್ನು ನಾನು ಒಡೆದೇ ಇರಲಿಲ್ಲ, ನಿನ್ನೆ ಒಡೆದೆ.

ಅವತ್ತು ಕೆಲಸದಲ್ಲಿ ಸೂಪರ್‌ವೈಸರ್ ಜೊತೆ ಜಗಳವಾಗಿತ್ತು. ಮನೆಗೆ ಬಂದವನೇ ಬೆಲ್ಟು ಬಿಚ್ಚಿ ಕುರ್ಚಿಗೆ ಎಸೆದೆ. ಬಕಲ್ಲು ಮರಕ್ಕೆ ಬಡಿಯಿತು. ಅಮ್ಮ ನನ್ನ ಹೆಂಡತಿಯನ್ನು ಮಲಗುವ ಕೋಣೆಗೆ ತಳ್ಳಿ, ಅಲ್ಲಿನ ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತಳು. "ಮಗು ಇಲ್ಲಿಲ್ಲ. ಪಕ್ಕದ್ಮನೇಲಿ ಬಿಟ್ಟಿದ್ದೀನಿ. ನನಗೆ ಹೊಡೀರಿ, ಮಗು ಇಲ್ಲಿಲ್ಲ" ಅಂದಳು. ಆಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ, "ಒಳಗಿದ್ದಾನೆ, ಆಟ ಅಂತ ಹೇಳಿದ್ದೀನಿ, ಬಾಯಿ ಬಿಡ್ಬೇಡ" ಅಂದಳಂತೆ. ನಾನು ಅವಳನ್ನು ಹಿಡಿದುಕೊಳ್ಳಲು ಕೈ ಚಾಚಿದೆ. ಹಿಡಿದುಕೊಳ್ಳಲು ಚಾಚಿದ್ದು, ಚಿಕ್ಕಪ್ಪ. ಅವಳು ಮುಖಕ್ಕೆ ಅಡ್ಡ ಕೈ ಹಿಡಿದು ಪಕ್ಕಕ್ಕೆ ಜಿಗಿದಳು. ಮಂಚದ ಅಂಚಿಗೆ ಬಿದ್ದಳು.

ಅಪ್ಪನ ಬಗ್ಗೆ ನನಗಿರುವುದು ಒಂದೇ ಒಂದು ನೆನಪು. ನಿಮಗೆ ನೂರು ಸಲ ಹೇಳಿದ್ದೇನೆ. ಅಮ್ಮ ನನ್ನನ್ನು ಬೀರುವಿನೊಳಗೆ ಕೂರಿಸುತ್ತಿದ್ದಳು, ಅಪ್ಪ ನನ್ನ ಹೆಸರು ಕೂಗುತ್ತ ಒಂದೊಂದೇ ಬಾಗಿಲು ತೆರೆದು ಹುಡುಕುತ್ತಿದ್ದರು, ನಾನು ಕೋಟುಗಳ ನಡುವೆ ನಗು ತಡೆದುಕೊಂಡು ಕೂತಿರುತ್ತಿದ್ದೆ. ಒಂದು ಸಲವೂ ಅವರಿಗೆ ಸಿಗಲಿಲ್ಲ, ಪ್ರತಿ ಸಲವೂ ನಾನೇ ಗೆದ್ದೆ ಅಂತ ಹೇಳುತ್ತಿದ್ದೆ. ನೀವು ಬಾಯಿ ತುಂಬ ಮೊಳೆ ಇಟ್ಟುಕೊಂಡು ತಲೆಯಾಡಿಸುತ್ತಿದ್ದಿರಿ.

ನಿಮಗೆ ಗೊತ್ತಿತ್ತು.

ಗೊತ್ತಿದ್ದೂ ನನ್ನ ಬಾಯಿಂದ ಬೀದಿಯಲ್ಲಿ ಆ ಮಾತು ಕೇಳಿಸಿಕೊಂಡು ನಿಂತಿರಲ್ಲ. ಯಾಕೆ?

ಏಪ್ರಿಲ್ 21

ಮಗನೇ,

ಬಾಯಲ್ಲಿ ಮೊಳೆ ಇದ್ದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಒಂದಲ್ಲ ಒಂದು ದಿನ ಬಾಯಿ ಬಿಟ್ಟಿರುತ್ತಿದ್ದೆ.

ಹೌದು, ಗೊತ್ತಿತ್ತು. ನಾನು ನಿನ್ನ ಅಮ್ಮನನ್ನು ಮೊದಲು ನೋಡಿದಾಗ ಅವಳ ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಭುಜದ ಮೂಳೆ ಮುರಿದದ್ದು ಸರಿಯಾಗಿ ಕೂಡಿರಲಿಲ್ಲ. ಮದುವೆಗೆ ಮೊದಲು ಅವಳು ನನ್ನ ಹತ್ತಿರ ಒಂದೇ ಮಾತು ತೆಗೆದುಕೊಂಡಳು. "ಅವನಿಗೆ ಅಪ್ಪ ಅಂದ್ರೆ ಪ್ರಾಣ. ಸತ್ತೋನು ಸತ್ತ, ಮಗುಗೆ ಅದನ್ನಾದ್ರೂ ಉಳಿಸೋಣ" ಅಂದಳು. ನಿನಗಾಗ ಏಳು ವರ್ಷ. ಆ ಮೇಲೆ ನಾವಿಬ್ಬರೂ ಸೇರಿ ನಿನಗೆ ಒಬ್ಬ ಅಪ್ಪನನ್ನು ಮಾಡಿಕೊಟ್ಟೆವು. ಹಳೇ ಕುರ್ಚಿಗೆ ಹೊಸ ಬಟ್ಟೆ ಹಾಕುವುದು ನನಗೆ ಕಷ್ಟದ ಕೆಲಸವಲ್ಲ. ನಿನ್ನನ್ನು ಬಂದರಿಗೆ ಕರೆದುಕೊಂಡು ಹೋಗಿ ಅವನ ಕ್ರೇನು ತೋರಿಸಿದೆ. ಕೆಲಸಗಾರನಾಗಿ ಅವನು ಒಳ್ಳೆಯವನೇ, ಅದರಲ್ಲಿ ಸುಳ್ಳಿಲ್ಲ. ಆ ಬೆಲ್ಟನ್ನು ಮಾತ್ರ ಪ್ರತಿ ವರ್ಷ ನಿನ್ನ ಅಮ್ಮನ ಕಣ್ಣಿಗೆ ಬೀಳದ ಹಾಗೆ ಅಂಗಡಿಯಲ್ಲೇ ತಿಕ್ಕುತ್ತಿದ್ದೆ. ಮನೆಯಲ್ಲಿ ಬೈಯುವವನು ಒಬ್ಬ ಬೇಕಲ್ಲ, ಹೋಮ್‌ವರ್ಕು ಕೇಳುವವನು, ಸೈಕಲ್ಲು ಕಸಿದುಕೊಳ್ಳುವವನು. ಅದು ನಾನಾದೆ. ನಿನಗೆ ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ ನೀನು ಆ ಫೋಟೋದ ಕೆಳಗೆ ಹೋಗಿ ಕೂರುತ್ತಿದ್ದೆ. ನನಗೆ ನೋವಾಗುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಹಳ ನೋವಾಗುತ್ತಿತ್ತು.

ತಪ್ಪು ನನ್ನದೂ ಇದೆ. ಫೆಬ್ರವರಿಯಲ್ಲೇ ಹೇಳಿಬಿಟ್ಟಿದ್ದರೆ ಆ ಮೂಳೆ ಮುರಿಯುತ್ತಿರಲಿಲ್ಲ. ಕೊಟ್ಟ ಮಾತು ದೊಡ್ಡದು ಅಂದುಕೊಂಡೆ. ಅವಳಿಗೇ ನೆನಪಿಲ್ಲದ ಮಾತು.

ಇಪ್ಪತ್ತಾರಕ್ಕೆ ಬರುತ್ತೇನೆ. ಚೀಲ ತರುತ್ತೇನೆ. ನಾನು ಒಳಗೆ ಹೋಗುವಾಗ ನೀನು ಬಾಗಿಲ ಹತ್ತಿರ ನಿಲ್ಲಬೇಡ.

ಆಗಸ್ಟ್ 3

ಚಿಕ್ಕಪ್ಪ,

ಅಮ್ಮನ ಕಾರ್ಯ ಮುಗಿಸಿ ಇಲ್ಲಿಗೆ ಬಂದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಮೀಸೆ ಇಲ್ಲದ ಮುಖ ಇನ್ನೂ ರೂಢಿಯಾಗಿಲ್ಲ. ಕನ್ನಡಿ ನೋಡಿದರೆ ಈಗಲೂ ಅಪ್ಪನೇ ಕಾಣುತ್ತಾರೆ, ಅಮ್ಮನಿಗೂ ಹಾಗೇ ಕಂಡಿರಬೇಕು. ಬೆಲ್ಟನ್ನು ಬಂದರಿನ ನೀರಿಗೆ ಹಾಕಿದೆ. ಫೋಟೋ ಹರಿಯಲು ಆಗಲಿಲ್ಲ, ಮುಖ ಕೆಳಗೆ ಮಾಡಿ ಇಟ್ಟಿದ್ದೇನೆ.

ಆಸ್ಪತ್ರೆಯಿಂದ ನೀವು ಅಮ್ಮನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋದ ಮೇಲೆ, ಜುಲೈಯ ಹದಿನೈದು ದಿನ ನಿಮ್ಮ ಅಂಗಡಿಯಲ್ಲಿ ಕೂತು ಮೇಲಿನ ಸದ್ದು ಕೇಳಿದೆನಲ್ಲ, ಅದು ಈಗಲೂ ಕಿವಿಯಲ್ಲಿದೆ. ನೀವು ಸುತ್ತಿಗೆ ಹೊಡೆಯುವುದು, ಅಮ್ಮ ಏನೋ ಹೇಳುವುದು, ನೀವು ನಗುವುದು. ಒಂದು ದಿನ ಅಮ್ಮ ನಕ್ಕದ್ದೂ ಕೇಳಿಸಿತು. ಎರಡು ಸಲ ಮೇಲೆ ಬರಲು ನೋಡಿದೆ, ಬೂಟು ಕೈಯಲ್ಲಿ ಹಿಡಿದೇ ಬಂದೆ, ಆದರೂ ನನ್ನ ಮುಖ ಕಂಡ ಕೂಡಲೇ ಅವಳು ಮುರಿದ ಸೊಂಟದಲ್ಲೇ ಗೋಡೆಯ ಕಡೆ ಜರುಗಿದಳು. ಆಮೇಲೆ ಬರಲಿಲ್ಲ.

ಒಂದು ಕೇಳಬೇಕು. ಕಾರ್ಯದ ದಿನ ಬಂದವರೆಲ್ಲರ ಎದುರಿಗೆ ನೀವು "ಕೊನೇವರೆಗೂ ಮಗನ ಜಪ ಮಾಡ್ತಿದ್ಲು" ಅಂದಿರಿ. ನನ್ನ ಮರ್ಯಾದೆ ಉಳಿಸಲು ಹೇಳಿದ ಮಾತು ಅಂತ ನನಗೆ ಗೊತ್ತು. ಇನ್ನು ನನಗೆ ಹೊದಿಕೆ ಹಾಕಿದ್ದು ಬೇಡ, ಚಿಕ್ಕಪ್ಪ. ನಿಜ ಹೇಳಿ. ಅಮ್ಮ ನನ್ನನ್ನು ಒಂದು ಸಲವಾದರೂ ಕೇಳಿದಳೇ?

ಆಗಸ್ಟ್ 12

ಮಗನೇ,

ಜಪ ಮಾಡುತ್ತಿದ್ದಳು ಅನ್ನುವುದು ಸುಳ್ಳು. ನಿನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ನನ್ನ ಹೆಸರೂ ಬರಲಿಲ್ಲ.

ಆದರೆ ಒಂದು ನಡೆದಿದೆ. ಅದನ್ನು ನಿನಗೆ ಹೇಳಬಾರದು ಅಂತ ತೀರ್ಮಾನ ಮಾಡಿದ್ದೆ. ನಿಜ ಬೇಕು ಅಂದೆಯಲ್ಲ, ತಡೆದುಕೊ.

ಕೊನೆಯ ಗುರುವಾರ ಮಧ್ಯಾಹ್ನ ನಾನು ಕುರ್ಚಿ ಮುಂದಿಟ್ಟುಕೊಂಡು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದೆ. ಅವಳು ಮಲಗಿದ್ದಲ್ಲಿಂದ "ನಿಮ್ಗೆ ಮಕ್ಕಳೆಷ್ಟು?" ಅಂದಳು. ಅವತ್ತು ಮಾತು ಬಹಳ ಸ್ಪಷ್ಟವಾಗಿತ್ತು.

"ಒಬ್ಬನೇ ಮಗ" ಅಂದೆ.

"ಏನ್ ಮಾಡ್ತಾನೆ?"

"ಬಂದರಲ್ಲಿ ಕ್ರೇನ್ ಓಡಿಸ್ತಾನೆ."

ಹುಬ್ಬು ಗಂಟಿಕ್ಕಿದಳು. "ಕ್ರೇನ್ ಓಡ್ಸೋರು ಒರಟರು ಕಣ್ರೀ."

"ಇವನು ಹಾಗಲ್ಲ" ಅಂದೆ. "ಸಿಟ್ಟು ಜಾಸ್ತಿ, ಆದ್ರೆ ಕೈ ಮಾಡೋನಲ್ಲ. ಹೆಂಡ್ತೀನ ಚೆನ್ನಾಗಿ ನೋಡ್ಕೋತಾನೆ. ಮನೆಗೆ ಬಂದ್ರೆ ಬೂಟು ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಹತ್ತುತಾನೆ, ಯಾರೂ ಹೆದರಬಾರದು ಅಂತ."

ತಲೆ ನನ್ನ ಕಡೆ ತಿರುಗಿಸಿದಳು. "ಚೆನ್ನಾಗಿ ಬೆಳ್ಸಿದ್ದೀರಿ. ಈಗ ಎಲ್ಲಿದ್ದಾನೆ?"

"ಕೆಳಗೆ ಅಂಗಡೀಲಿ ಕೂತಿದ್ದಾನೆ."

"ಅಯ್ಯೋ, ಅಲ್ಯಾಕೆ ಕೂರಿಸಿದ್ದೀರಿ? ಮೇಲಕ್ಕೆ ಕರೀರಿ, ನಾನೂ ನೋಡ್ತೀನಿ."

ನಾನು ಇಳಿದು ಬಂದೆ. ನೀನು ಇರಲಿಲ್ಲ. ಅವಳ ಹಾಸಿಗೆಗೆ ರಬ್ಬರ್ ಶೀಟು ಬೇಕು ಅಂತ ಬೆಳಿಗ್ಗೆ ನಾನೇ ಹೇಳಿದ್ದೆನಲ್ಲ, ನೀನು ಅದನ್ನು ತರಲು ಹೋಗಿದ್ದೆ. ನಾನು ಔಷಧಿ ಅಂಗಡಿಯವರೆಗೂ ಓಡಿದೆ, ಚಪ್ಪಲಿ ಹಾಕಿಕೊಳ್ಳುವುದೂ ಮರೆತಿತ್ತು. ಅಲ್ಲಿ ಶೀಟು ಸಿಗದೆ ನೀನು ಮುಂದಿನ ಬೀದಿಗೆ ಹೋಗಿದ್ದೆಯಂತೆ. ಅಲ್ಲಿಗೂ ಹೋದೆ, ನಾನು ಹೋದ ದಾರಿಯಲ್ಲಿ ನೀನು ಬರಲಿಲ್ಲ. ನಾನು ಏದುಸಿರು ಬಿಡುತ್ತ ಮೇಲೆ ಹತ್ತಿದಾಗ ಬಾಗಿಲು ತಟ್ಟುವುದನ್ನು ಮರೆತೆ. ಅವಳು ನನ್ನನ್ನು ನೋಡಿ ಮುಖಕ್ಕೆ ಕೈ ಅಡ್ಡ ಹಿಡಿದಳು. ಆಮೇಲೆ ಸ್ಪಷ್ಟವಾಗಿ ಮಾತಾಡಲೇ ಇಲ್ಲ. ಶನಿವಾರ ಹೋದಳು.

ನೀನು ಶೀಟು ಹಿಡಿದುಕೊಂಡು ಬಂದು "ಯಾಕೆ ಬೆವರಿದ್ದೀರಿ?" ಅಂದೆ. ನಾನು ಸೆಖೆ ಅಂದೆ.

ಹಾಗಾಗಿ ಕೇಳಿದಳೇ ಅಂದರೆ, ಕೇಳಿದಳು. ಮೇಲಕ್ಕೆ ಕರೆಯಿರಿ ಅಂದಳು, ನೋಡುತ್ತೇನೆ ಅಂದಳು. ತನ್ನ ಮಗ ಅಂತ ಅವಳಿಗೆ ಗೊತ್ತಿರಲಿಲ್ಲ. ನನ್ನ ಮಗ ಅಂದುಕೊಂಡು ಕರೆದಳು.